ರಾಗಿ ತಾಕಿನ ಅನೋವಾ: ಎರರ್ ಯಾಕೆ ಇಷ್ಟು ದೊಡ್ಡದು?

ಪ್ರಶ್ನೆ: ಮೇಡಂ, ಎಂ.ಎಸ್ಸಿ. ಕೃಷಿ ಓದ್ತಿದ್ದೀನಿ. ರಾಗಿಗೆ ನಾಲ್ಕು ಪ್ರಮಾಣದಲ್ಲಿ ಗೊಬ್ಬರ ಕೊಟ್ಟು, ಮೂರು ಬ್ಲಾಕ್‌ಗಳಲ್ಲಿ (ಅಕ್ಕಪಕ್ಕದ ತಾಕುಗಳ ಗುಂಪು) ಒಟ್ಟು 12 ತಾಕು ಮಾಡಿದ್ದೆ. ಇಳುವರಿಗೆ ಅನೋವಾ (ಒಟ್ಟು ಏರುಪೇರನ್ನು ಕಾರಣವಾರು ಬಿಡಿಸುವ ಲೆಕ್ಕ) ಹಾಕಿದರೆ ಸಮ್ ಆಫ್ ಸ್ಕ್ವೇರ್ಸ್, ಅಂದರೆ ಏರುಪೇರಿನ ಪಾಲು, ಟ್ರೀಟ್‌ಮೆಂಟ್‌ಗೆ (ಗೊಬ್ಬರಕ್ಕೆ) 36, ಎರರ್‌ಗೆ 60. ಎಫ್ (ಗೊಬ್ಬರದ ಮೀನ್ ಸ್ಕ್ವೇರ್ ಎರರ್‌ನದಕ್ಕಿಂತ ಎಷ್ಟು ಪಟ್ಟು ಅನ್ನೋದು) ಬರೀ 1.6. ಎರರ್ ಇಷ್ಟಿದೆ ಅಂದರೆ ತೂಕ ಮಾಡುವಾಗ ತಪ್ಪಿದೆನಾ? ಹೊಲ ಸ್ವಲ್ಪ ಇಳಿಜಾರು, ಕೆಳಗಿನ ಬ್ಲಾಕ್‌ನಲ್ಲಿ ಪೈರು ಚೆನ್ನಾಗಿತ್ತು.

ಉತ್ತರ: ಗಾಬರಿಯಾಗಬೇಡಿ. ಎರರ್ ಅಂದರೆ ನೀವು ಮಾಡಿದ ತಪ್ಪು ಅಂತಲ್ಲ. ಒಂದೇ ಗೊಬ್ಬರ ಉಂಡ ಎರಡು ತಾಕು ಒಂದೇ ಇಳುವರಿ ಕೊಡಲ್ಲ. ಒಂದರಲ್ಲಿ ಗರಸು ಜಾಸ್ತಿ, ಇನ್ನೊಂದರ ತೆನೆಗೆ ಹಕ್ಕಿ ಬಾಯಿ ಹಾಕಿರುತ್ತೆ. ಹೀಗೆ ಲೆಕ್ಕಕ್ಕೆ ಸಿಗದೆ ಉಳಿದದ್ದೆಲ್ಲ ಅಲ್ಲಿಗೆ ಹೋಗುತ್ತೆ. ನಿಮ್ಮ ಕೊನೇ ಸಾಲು ನೋಡಿ. ಮೇಲಿಂದ ಕೆಳಕ್ಕೆ ಮಣ್ಣು, ತೇವ ಬದಲಾಗಿದೆ, ಆದರೆ ಕೋಷ್ಟಕದಲ್ಲಿ ಬ್ಲಾಕ್‌ಗೆ ಸಾಲೇ ಇಲ್ಲ. ಆ ವ್ಯತ್ಯಾಸವೂ ಎರರ್‌ನಲ್ಲೇ ಸೇರಿಕೊಂಡಿದೆ. ಬ್ಲಾಕ್ ಸೇರಿಸಿ ಮತ್ತೆ ಹಾಕಿ.

ಪ್ರಶ್ನೆ: ಹಾಕಿದೆ ಮೇಡಂ! ಬ್ಲಾಕ್ 48, ಎರರ್ 12. ಟ್ರೀಟ್‌ಮೆಂಟ್ ಅದೇ 36.

ಉತ್ತರ: ಕೂಡಿ ನೋಡಿ, ಒಟ್ಟು ಆಗಲೂ 96, ಈಗಲೂ 96. ಎರರ್‌ನ ಡಿಗ್ರಿ ಆಫ್ ಫ್ರೀಡಂ (ಸ್ವತಂತ್ರ ಅಂಕಿಗಳ ಲೆಕ್ಕ) 8 ಇದ್ದದ್ದು 6 ಆಯಿತು, ಉಳಿದ 2 ಬ್ಲಾಕ್‌ನ ಸಾಲಿಗೆ ಹೋಯಿತು. ಆದರೂ ಎರರ್ ಮೀನ್ ಸ್ಕ್ವೇರ್ (ಸಮ್ ಆಫ್ ಸ್ಕ್ವೇರ್ಸ್ ಅನ್ನು ಡಿಗ್ರಿ ಆಫ್ ಫ್ರೀಡಂನಿಂದ ಭಾಗಿಸಿದ್ದು) 7.5ರಿಂದ 2ಕ್ಕೆ ಇಳಿದಿದೆ. ಟ್ರೀಟ್‌ಮೆಂಟ್‌ನ ಮೀನ್ ಸ್ಕ್ವೇರ್ 36 ÷ 3 = 12, ಅದನ್ನು 2ರಿಂದ ಭಾಗಿಸಿದರೆ ಎಫ್ 6. ಶೇ. 5ರ ಮಟ್ಟದಲ್ಲಿ ಎಫ್ ಪಟ್ಟಿಯ ಬೆಲೆ 4.76, ಅದನ್ನು ದಾಟಿದೆ, ಅಂದರೆ ಗೊಬ್ಬರದ ವ್ಯತ್ಯಾಸ ಬರೀ ಆಕಸ್ಮಿಕ ಅನ್ನೋದು ಕಷ್ಟ. ಒಂದು ಮಾತು ಮಾತ್ರ ಖಡಾಖಂಡಿತವಾಗಿ ಹೇಳ್ತೀನಿ: ಬಿತ್ತುವ ಮೊದಲೇ ಇಳಿಜಾರು ನೋಡಿ ಬ್ಲಾಕ್ ಮಾಡಿ, ಪ್ರತಿ ಬ್ಲಾಕ್‌ನೊಳಗೂ ಚೀಟಿ ಎತ್ತಿ ಗೊಬ್ಬರ ಹಂಚಿದ್ದರೆ, ಎಫ್ ಎಷ್ಟೇ ಬರಲಿ, ಬ್ಲಾಕ್ ಕೋಷ್ಟಕದಲ್ಲಿ ಇರಲೇಬೇಕು. ಫಲಿತಾಂಶ ನೋಡಿ ಸೇರಿಸೋದು, ಬಿಡೋದು ಸರಿಯಲ್ಲ. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಈ ವಿಧಾನ ಬೆಳೆಸಿದ್ದೇ ಇಂಥ ಹೊಲದ ಪ್ರಯೋಗಗಳ ಸಲುವಾಗಿ.

ಇನ್ನೊಬ್ಬ ಸದಸ್ಯರು: ಮೇಡಂ, ನಾನೂ ಹೀಗೇ 12 ತಾಕು ಮಾಡಿ, ತಾಕಿಗೆ ಐದು ಗಿಡದ ಎತ್ತರ ಅಳೆದಿದ್ದೀನಿ. 60 ಅಂಕಿ ಹಾಕಬಹುದಾ?

ಉತ್ತರ: ಗೊಬ್ಬರ ಕೊಟ್ಟದ್ದು ಇಡೀ ತಾಕಿಗೆ. ಒಂದೇ ತಾಕಿನ ಐದು ಗಿಡ ಒಂದೇ ಮಣ್ಣು, ಒಂದೇ ನೀರು ಹಂಚಿಕೊಂಡಿರುತ್ತವೆ, ಅವು ಐದು ಪುನರಾವರ್ತನೆ ಆಗಲ್ಲ. 60ನ್ನೂ ಬಿಡಿಬಿಡಿಯಾಗಿ ಹಾಕಿದರೆ ಇಲ್ಲದ ವ್ಯತ್ಯಾಸವೂ ಇದೆ ಅಂತ ಕಾಣುವ ಅಪಾಯ ಇದೆ. ಐದರ ಸರಾಸರಿ ತೆಗೆದು 12 ಅಂಕಿ ಹಾಕಿ. ಗಿಡಗಿಡದ ವ್ಯತ್ಯಾಸವೂ ಬೇಕೆಂದರೆ ಅದಕ್ಕೆ ಬೇರೆ ಸಾಲು ಕೊಡಿ, ಆದರೆ ಗೊಬ್ಬರದ ಎಫ್‌ಗೆ ಭಾಗಿಸಬೇಕಾದ್ದು ತಾಕಿನ ಎರರ್‌ನಿಂದಲೇ.