ನ್ಯಾನೋಕಣ ಔಷಧಿಯನ್ನು ‘ವಿತರಿಸುತ್ತದೆಯೇ’?

ಗೆಳೆಯರೇ,

ಮೈಸೂರಿನ ಹೈಸ್ಕೂಲ್ ಮಕ್ಕಳಿಗಾಗಿ ಕಾಲಾ ಅಜಾರ್ ಕಾಯಿಲೆಯ ಬಗ್ಗೆ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಕೈ ನಿಂತುಹೋಗಿದೆ.

ವಿಷಯ ಇಷ್ಟು. ಮರಳುನೊಣ ಕಚ್ಚಿದಾಗ ಲೀಶ್ಮೇನಿಯಾ ಎಂಬ ಪರಾವಲಂಬಿ ಮೈ ಸೇರುತ್ತದೆ. ರೋಗಾಣುಗಳನ್ನು ನುಂಗಿ ಕೊಲ್ಲಬೇಕಾದ ಭಕ್ಷಕ ಕೋಶಗಳ ಒಳಗೇ ಮನೆ ಮಾಡುತ್ತದೆ. ಅದೇ ಕೋಶಗಳು ಲಿಪೊಸೋಮ್ ಎಂಬ ಕೊಬ್ಬಿನ ಪೊರೆಯ ಪುಟ್ಟ ಗುಳ್ಳೆಗಳನ್ನೂ ನುಂಗುತ್ತವೆ. ತಲೆಬರಹದಲ್ಲಿ ನ್ಯಾನೋಕಣ, ಅಂದರೆ ಅತಿ ಸಣ್ಣ ಕಣ, ಎಂದಿರುವುದು ಇಂಥ ಗುಳ್ಳೆಗೇ. ಹಾಗಾಗಿ ಗುಳ್ಳೆಯೊಳಗೆ ಔಷಧಿ ಇಟ್ಟರೆ ಅದು ಪರಾವಲಂಬಿ ಇರುವ ಜಾಗಕ್ಕೇ ಹೋಗುತ್ತದೆ. 1978ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಂಟಿಮನಿ ಎಂಬ ಧಾತುವಿರುವ ಔಷಧಿಯನ್ನು ಹೀಗೆ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಗಳಿಗೆ ಕೊಟ್ಟಾಗ, ಬರೀ ಔಷಧಿಗಿಂತ ಎಷ್ಟೋ ಪಟ್ಟು ಜಾಸ್ತಿ ಕೆಲಸ ಮಾಡಿತು.

ಇದನ್ನು ‘ಔಷಧ ವಿತರಣೆ’ ಎಂದು ಬರೆಯುವ ರೂಢಿ ಇದೆ. ನನಗೆ ಒಪ್ಪಿಗೆಯಿಲ್ಲ. ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ವಿತರಣೆ ಆಗುತ್ತದೆ, ಅಂದರೆ ಎಲ್ಲರಿಗೂ ಹಂಚುತ್ತಾರೆ. ಇಲ್ಲಿ ಮೈಗೆಲ್ಲ ಹಂಚಬಾರದು ಎಂದೇ ಇಷ್ಟೆಲ್ಲ ಕಷ್ಟಪಟ್ಟಿರುವುದು. ಅರ್ಥವೇ ತಲೆಕೆಳಗಾಯಿತು, ಅಲ್ವಾ?

ಮಂಡ್ಯ ಕಡೆಯ ನಮ್ಮೂರಿನಲ್ಲಿ ಅಪ್ಪ ಕರುವಿಗೆ ಹುಳುವಿನ ಔಷಧಿ ಕುಡಿಸುತ್ತಿದ್ದುದು ಗೊಟ್ಟದಲ್ಲಿ. ತುದಿ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ ಅದು. ನಾನು ಕರುವಿನ ಮೂತಿ ಎತ್ತಿ ಹಿಡಿಯಬೇಕು. ಅಪ್ಪ ಬಾಯಿಯ ಪಕ್ಕದಿಂದ ಗೊಟ್ಟ ತೂರಿಸಿ ನಿಧಾನವಾಗಿ ಸುರಿಯುತ್ತಿದ್ದರು. ಅರ್ಧ ಔಷಧಿ ನನ್ನ ಮೊಣಕೈ ಮೇಲೆ ಇಳಿಯುತ್ತಿತ್ತು. “ಹೊಟ್ಟೆಗೆ ಮುಟ್ತೇನೋ?” ಎಂದು ಕೇಳುತ್ತಿದ್ದರು. ಸುದ್ದಿ ಮುಟ್ಟಿಸು, ದುಡ್ಡು ಮುಟ್ಟಿಸು ಎನ್ನುತ್ತೇವೆ. ಸೇರಬೇಕಾದವರ ಕೈಗೇ ಸೇರಿತು ಎಂಬ ಅರ್ಥ ಅದರಲ್ಲಿದೆ. ಆದ್ದರಿಂದ ‘ಔಷಧಿ ಮುಟ್ಟಿಸುವುದು’ ಎಂದೇ ಬರೆದಿದ್ದೇನೆ.

ಎರಡನೆಯದು ‘ವಾಹಕ’. ಮರಳುನೊಣ ರೋಗವಾಹಕ, ಲಿಪೊಸೋಮ್ ಔಷಧವಾಹಕ. ಒಂದೇ ಪುಟದಲ್ಲಿ ಎರಡೂ ಬಂದವು. ಕರಡು ಓದಿದ ಎಂಟನೇ ತರಗತಿಯ ಹುಡುಗಿ, “ನೊಣವೂ ಔಷಧಿ ತರುತ್ತಾ ಸಾರ್?” ಎಂದು ಕೇಳಿದಳು. ತಪ್ಪು ಅವಳದಲ್ಲ. ನೊಣಕ್ಕೆ ‘ರೋಗ ಹರಡುವ ನೊಣ’ ಎಂದರೆ ಸಾಕು. ಲಿಪೊಸೋಮ್‌ಗೆ ಏನೆನ್ನಲಿ? ಗೊಟ್ಟ ಹೊಂದುವುದಿಲ್ಲ. ಗೊಟ್ಟ ಹೊರಗೇ ಉಳಿಯುತ್ತದೆ, ಗುಳ್ಳೆ ಔಷಧಿಯ ಜೊತೆಗೇ ಒಳಗೆ ಹೋಗಿ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಸದ್ಯಕ್ಕೆ ‘ಔಷಧಿ ಪೊಟ್ಟಣ’ ಎಂದು ಬರೆದಿಟ್ಟಿದ್ದೇನೆ. ಪೊಟ್ಟಣ ಎಂದ ತಕ್ಷಣ ಕಾಗದ ಕಣ್ಣಿಗೆ ಬರುತ್ತದೆ, ಅದೊಂದೇ ಅಳುಕು. ನಿಮ್ಮ ಕಡೆ ಹೀಗೆ ಸುತ್ತಿಟ್ಟು, ನುಂಗಿದ ಮೇಲೆ ಬಿಚ್ಚಿಕೊಳ್ಳುವ ವಸ್ತುವಿಗೆ ಬೇರೆ ಮಾತು ಇದೆಯೇ?