ಫ್ಲಾಟ್‌ಪ್ಯಾಕ್ ಆ್ಯಪ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಬೇಕು, ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ನಮ್ಮೂರ ಶಾಲೆಯ ಲ್ಯಾಬ್‌ನಲ್ಲಿ 8 ಹಳೇ ಕಂಪ್ಯೂಟರ್‌ಗಳಿವೆ. ಎಲ್ಲದಕ್ಕೂ ಉಬುಂಟು 24.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿ, ಲಿನಕ್ಸ್‌ನಲ್ಲಿ ಆ್ಯಪ್‌ಗಳನ್ನು ಇನ್‌ಸ್ಟಾಲ್ ಮಾಡುವ ಫ್ಲಾಟ್‌ಪ್ಯಾಕನ್ನೂ ಸೇರಿಸಿದ್ದೇನೆ. ಮಕ್ಕಳಿಗೆ ಚಿತ್ರ ಬಿಡಿಸಲು ಇಂಕ್‌ಸ್ಕೇಪ್ ಬೇಕು. ಆದರೆ ಅಲ್ಲಿ ಇಂಟರ್ನೆಟ್ ತುಂಬಾ ನಿಧಾನ. ಆ್ಯಪ್ ಜೊತೆಗೆ ರನ್‌ಟೈಮ್ (ಆ್ಯಪ್ ಓಡಲು ಬೇಕಾದ ಮೂಲ ಫೈಲ್‌ಗಳ ಕಟ್ಟು) ಕೂಡ ಇಳಿಯಬೇಕು, ಅದೇ ನೂರಾರು ಎಂಬಿ. ಒಂದು ರನ್‌ಟೈಮನ್ನು ಹಲವು ಆ್ಯಪ್‌ಗಳು ಹಂಚಿಕೊಳ್ಳುತ್ತವೆ ನಿಜ, ಆದರೆ 8 ಕಂಪ್ಯೂಟರ್‌ಗೂ ಬೇರೆ ಬೇರೆ ಇಳಿಸಲೇಬೇಕು ಅಲ್ವಾ?

ಅದಕ್ಕೇ ಮನೆಯ ಲ್ಯಾಪ್‌ಟಾಪ್‌ನಲ್ಲಿ ಆ್ಯಪ್‌ಗಳನ್ನು ಪೆನ್‌ಡ್ರೈವ್‌ಗೆ ನಕಲಿಸುವ 'ಫ್ಲಾಟ್‌ಪ್ಯಾಕ್ ಕ್ರಿಯೇಟ್-ಯುಎಸ್‌ಬಿ' ಕಮಾಂಡ್ ಕೊಟ್ಟೆ. ಫ್ಲಾಟ್‌ಹಬ್‌ಗೆ (ಆ್ಯಪ್‌ಗಳು ಸಿಗುವ ಆನ್‌ಲೈನ್ ಭಂಡಾರ) ಕಲೆಕ್ಷನ್ ಐಡಿ, ಅಂದರೆ ಭಂಡಾರವನ್ನು ಗುರುತಿಸುವ ಹೆಸರು, ಇಲ್ಲ ಎಂದಿತು. 'ರಿಮೋಟ್-ಮಾಡಿಫೈ' ಕಮಾಂಡ್ ಬಳಸಿ ಐಡಿ ಕೊಟ್ಟ ಮೇಲೆ ಎಲ್ಲವೂ ಪೆನ್‌ಡ್ರೈವ್‌ಗೆ ಬಂತು. ಇಷ್ಟಕ್ಕೇ ಎಷ್ಟು ಖುಷಿಯಾಯಿತು ಗೊತ್ತಾ!

ಲ್ಯಾಬ್‌ನಲ್ಲಿ 'ಸೈಡ್‌ಲೋಡ್-ರೆಪೋ' ಆಯ್ಕೆ ಕೊಟ್ಟು ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡಿದೆ. ಮೊದಲ ಕಂಪ್ಯೂಟರ್‌ನಲ್ಲಿ ಸರಿಯಾಗಿ ಆಯಿತು. ಅದಕ್ಕೆ ಹಿಂದೊಮ್ಮೆ ನನ್ನ ಮೊಬೈಲ್‌ನಿಂದ ನೆಟ್ ಕೊಟ್ಟಿದ್ದೆ. ಉಳಿದ ಏಳೂ ಫ್ಲಾಟ್‌ಹಬ್ ಸಿಗುತ್ತಿಲ್ಲ ಎಂದು ನಿಂತುಬಿಡುತ್ತವೆ. ಪ್ರತಿಯೊಂದಕ್ಕೂ ಒಮ್ಮೆಯಾದರೂ ನೆಟ್ ಕೊಡಲೇಬೇಕಾ, ಅಥವಾ ಬೇರೆ ದಾರಿ ಇದೆಯಾ?

ಇನ್ನೊಂದು ವಿಷಯ. ಲ್ಯಾಬ್‌ನ ಉಬುಂಟು ಕನ್ನಡದಲ್ಲಿದೆ, ಇಂಕ್‌ಸ್ಕೇಪ್ ಮೆನು ಮಾತ್ರ ಇಂಗ್ಲಿಷ್‌ನಲ್ಲೇ ಬರುತ್ತಿದೆ. ನನ್ನ ಲ್ಯಾಪ್‌ಟಾಪ್ ಇಂಗ್ಲಿಷ್‌ನಲ್ಲಿದೆ. ಫ್ಲಾಟ್‌ಪ್ಯಾಕ್ ಸಿಸ್ಟಮ್‌ನ ಭಾಷೆಯ ಅನುವಾದ ಮಾತ್ರ ಇಳಿಸುತ್ತದೆ, ಹಾಗಾಗಿ ಪೆನ್‌ಡ್ರೈವ್‌ಗೆ ಕನ್ನಡ ಬಂದಿಲ್ಲ ಅಂತ ನನ್ನ ಅನಿಸಿಕೆ. ಲ್ಯಾಪ್‌ಟಾಪ್‌ನಲ್ಲಿ 'ಫ್ಲಾಟ್‌ಪ್ಯಾಕ್ ಕಾನ್ಫಿಗ್'ನಲ್ಲಿ ಭಾಷೆಗಳಿಗೆ ಕನ್ನಡ ಸೇರಿಸಿ, ಅಪ್‌ಡೇಟ್ ಮಾಡಿ, ಮತ್ತೆ ಪೆನ್‌ಡ್ರೈವ್‌ಗೆ ಹಾಕಿದರೆ ಸಾಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಮಕ್ಕಳು ಕನ್ನಡದ ಮೆನು ನೋಡಿ ಕಲಿಯಬೇಕು ಅನ್ನೋದು ನನ್ನ ಆಸೆ. ಸೋಮವಾರ ಮತ್ತೆ ಶಾಲೆಗೆ ಹೋಗುತ್ತೇನೆ.