ನಿಶ್ಚಯ ಮುರಿದ ಯುವರಾಜನನ್ನು ಯಾರ ಮುಂದೆ ನಿಲ್ಲಿಸುವುದು?

ಕಲ್ಸಂಕದ ಓದುಗಿ (ಉಡುಪಿ)

ಕಥೆಗಳ ಆ್ಯಪ್‌ಗಳಲ್ಲಿ ಕಂತುಕಂತಾಗಿ ಬರುವ ರಾಜಮನೆತನದ ಕಾದಂಬರಿಗಳನ್ನು ಓದುವವರಿಗೆ ಈ ಸನ್ನಿವೇಶ ಹೊಸದಲ್ಲ. ತುಂಬಿದ ಸಭೆಯಲ್ಲಿ ಯುವರಾಜನು ಎದ್ದು ನಿಂತು, ಎಂದೋ ನಿಶ್ಚಯವಾಗಿದ್ದ ಮದುವೆಯನ್ನು ಮುರಿದೆನೆಂದು ಸಾರುತ್ತಾನೆ, ಹುಡುಗಿಯ ಮೇಲೆ ಒಂದು ಅಪವಾದವನ್ನೂ ಹೊರಿಸುತ್ತಾನೆ. ಹತ್ತಾರು ಕಂತುಗಳ ಬಳಿಕ ಮಂತ್ರಿಯ ಕುತಂತ್ರ ಬಯಲಾಗಿ, ಹಿರಿಯ ಅರಸನು ತೀರ್ಪು ಕೊಟ್ಟಲ್ಲಿಗೆ ಎಲ್ಲವೂ ಸರಿಹೋಗುತ್ತದೆ.

ನಾನೂ ಅಂಥದ್ದೊಂದನ್ನು ಬರೆಯುತ್ತಿದ್ದೇನೆ. ನಮ್ಮ ಕರಾವಳಿಯ ಎರಡು ಕಲ್ಪಿತ ಅರಸು ಮನೆತನಗಳು, ನಡುವೆ ಒಂದು ಹೊಳೆ, ಹೊಳೆಯ ಬಾಯಲ್ಲಿ ಮೆಣಸು ಹೇರುವ ಬಂದರು. ಸಂಚಿನ ಭಾಗ ಸಲೀಸಾಗಿ ಬಂತು, ತೀರ್ಪಿನ ಅಧ್ಯಾಯದಲ್ಲಿ ಮಾತ್ರ ಕಥೆ ನಿಂತುಬಿಟ್ಟಿದೆ. ತೀರ್ಪು ಕೊಡಬೇಕಾದ ಅರಸನು ಹುಡುಗನ ತಂದೆ, ಸಂಬಂಧ ಮುರಿದದ್ದರಿಂದ ಬಂದರಿನ ಸುಂಕ ಪೂರ್ತಿ ಉಳಿಯುವುದೂ ಅವನಿಗೇ. ಅವನ ಬಾಯಿಂದ ಬಂದ ನ್ಯಾಯವನ್ನು ಓದುಗರು ಏಕೆ ನಂಬಬೇಕು? ಹಾಗೆಂದು ಬೇರೆ ನ್ಯಾಯಾಧೀಶನನ್ನು ಎಲ್ಲಿಂದ ತರಲಿ?

ತಾಳಮದ್ದಲೆ ಪ್ರಿಯ (ಉಡುಪಿ)

ತಮ್ಮ ಪ್ರಶ್ನೆಯನ್ನು, ಸಾಲ್ವನನ್ನು ಮೆಚ್ಚಿದ್ದರೂ ಸ್ವಯಂವರದಿಂದ ಭೀಷ್ಮನು ಗೆದ್ದು ತಂದ ಮಹಾಭಾರತದ ಅಂಬೆ ಮೊದಲೇ ಕೇಳಿದ್ದಾಳೆ, ಅವಳಿಗೂ ನ್ಯಾಯಾಧೀಶ ಸಿಗಲಿಲ್ಲ. ಭೀಷ್ಮವಿಜಯ ಎಂಬ ಯಕ್ಷಗಾನ ಪ್ರಸಂಗವನ್ನು ವೇಷ ಕಟ್ಟಿ ಕುಣಿಯುವ ಆಟದಲ್ಲಿ ನೋಡುವುದಕ್ಕಿಂತ, ವೇಷವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಲೆ ಕೂಟದಲ್ಲಿ ಕೇಳಿದರೆ ಇದು ಚೆನ್ನಾಗಿ ಮನವರಿಕೆಯಾಗುತ್ತದೆ, ಏಕೆಂದರೆ ಅಲ್ಲಿ ಪ್ರತಿಯೊಬ್ಬ ಅರ್ಥಧಾರಿಗೂ ತನ್ನ ಪಾತ್ರವನ್ನು ಸಮರ್ಥಿಸಿಕೊಳ್ಳಲು ಬಲವಾದ ನೆಲೆಯಿದೆ. ಸಾಲ್ವನು, ಪರರು ಗೆದ್ದು ಕೊಂಡೊಯ್ದವಳನ್ನು ಸ್ವೀಕರಿಸಿದರೆ ಕ್ಷತ್ರಿಯ ಸಭೆಯಲ್ಲಿ ತಲೆ ಎತ್ತಲಾಗದು ಎನ್ನುತ್ತಾನೆ. ಭೀಷ್ಮನು ತನ್ನ ಪ್ರತಿಜ್ಞೆಯನ್ನು ಮುಂದಿಡುತ್ತಾನೆ. ಮನಸ್ಸು ಬೇರೆಡೆ ಇರುವವಳನ್ನು ಹಸ್ತಿನಾವತಿಯು ಸೊಸೆಯಾಗಿ ಉಳಿಸಿಕೊಳ್ಳದಿದ್ದುದೂ ಧರ್ಮವೇ. ಒಬ್ಬೊಬ್ಬರ ಮಾತೂ ಸರಿಯಿದೆ, ಎಲ್ಲರೂ ಸರಿಯಿದ್ದುದರಿಂದಲೇ ಆಕೆ ಬೀದಿಗೆ ಬಿದ್ದಳು.

ಮೂಲದ ಉದ್ಯೋಗಪರ್ವದಲ್ಲಿ ಇನ್ನೂ ಹರಿತವಾದ ಜಾಗವೊಂದಿದೆ. ಸಾಲ್ವನು ತಿರಸ್ಕರಿಸಿದ ಮೇಲೆ ಅಂಬೆ ಅಳುತ್ತ ಕೂರುವುದಿಲ್ಲ, ತಪ್ಪು ಯಾರದೆಂದು ತಾನೇ ವಿಚಾರಣೆಗೆ ತೊಡಗುತ್ತಾಳೆ. ಯುದ್ಧ ನಡೆಯುತ್ತಿದ್ದಾಗ ರಥದಿಂದ ಹಾರಿ ಸಾಲ್ವನ ಕಡೆಗೆ ಓಡದ ನನ್ನದೇ, ಪರಾಕ್ರಮದಿಂದ ಗೆದ್ದವನಿಗೆ ಕನ್ಯೆ ಎಂಬ ವೀರ್ಯಶುಲ್ಕಕ್ಕೆ ನನ್ನನ್ನು ಒಡ್ಡಿದ ತಂದೆಯದೇ, ಸಾಲ್ವನದೇ, ವಿಧಿಯದೇ ಎಂದು ಒಬ್ಬೊಬ್ಬರನ್ನೂ ತೂಗಿ ನೋಡಿ, ಈ ಅನರ್ಥ ಶುರುವಾದದ್ದು ಭೀಷ್ಮನಿಂದ ಎಂಬ ತೀರ್ಮಾನಕ್ಕೆ ಬರುತ್ತಾಳೆ. ಆ ತೀರ್ಪನ್ನು ಜಾರಿ ಮಾಡಿಸಲು ಪರಶುರಾಮನಲ್ಲಿಗೆ ಹೋದರೆ ಅವನಿಂದ ಆದದ್ದು 23 ದಿನಗಳ ಯುದ್ಧ. ಅದರಲ್ಲೂ ಗೆಲುವು ಸಿಗದೆ ಆಕೆ ಶಿಖಂಡಿಯಾಗಿ ಹುಟ್ಟಬೇಕಾಯಿತು. ನನ್ನ ಅಭಿಪ್ರಾಯದಲ್ಲಿ ತಮ್ಮ ಕಾದಂಬರಿಗೆ ಅರಸನ ತೀರ್ಪೇ ಬೇಡ, ನಾಯಕಿಯೇ ವಿಚಾರಣೆ ನಡೆಸಲಿ.

ವಕೀಲಿ ಬಿಟ್ಟವ (ಮಂಗಳೂರು)

ಮೇಲಿನವರು ಸೊಗಸಾಗಿ ಬರೆದಿದ್ದಾರೆ, ಆದರೆ ಆ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ ಎಂಬುದು ನನ್ನ ವಾದ. ಅಂಬೆಯೂ ಸಾಲ್ವನೂ ಒಬ್ಬರನ್ನೊಬ್ಬರು ವರಿಸಿದ್ದು ಗುಟ್ಟಾಗಿ, ತಂದೆಗೂ ತಿಳಿಯದಂತೆ. ಸಾಕ್ಷಿಯಿಲ್ಲದ ಆ ಮಾತನ್ನು ಹಿಡಿದು ಸಾಲ್ವನನ್ನು ಕಟ್ಟಿಹಾಕುವುದು ಯಾವ ಸಭೆಗೂ ಆಗುತ್ತಿರಲಿಲ್ಲ. ಪ್ರಶ್ನೆ ಕೇಳಿದವರ ಕಥೆಯಲ್ಲಿ ಎರಡು ಮನೆತನಗಳು ಬಹಿರಂಗವಾಗಿ ವೀಳ್ಯ ಬದಲಿಸಿಕೊಂಡಿವೆ. ಅದು ಮದುವೆಯ ಮಾತು ಎಷ್ಟೋ ಅಷ್ಟೇ ರಾಜಕೀಯ ಒಪ್ಪಂದವೂ ಹೌದು.

ಇದಕ್ಕೆ ಹತ್ತಿರದ್ದು ಶಿಶುಪಾಲನ ಪ್ರಕರಣ. ರುಕ್ಮಿಯು ತಂಗಿ ರುಕ್ಮಿಣಿಯನ್ನು ಚೇದಿರಾಜನಾದ ಶಿಶುಪಾಲನಿಗೆ ನಿಶ್ಚಯಿಸಿದ್ದರ ಹಿಂದೆ ಜರಾಸಂಧನ ಪಕ್ಷವನ್ನು ಬಲಪಡಿಸುವ ಲೆಕ್ಕವಿತ್ತು. ಕೃಷ್ಣನು ರುಕ್ಮಿಣಿಯನ್ನು ಕರೆದೊಯ್ದಾಗ ಮುರಿದದ್ದು ಆ ಲೆಕ್ಕ. ನಾವೆಲ್ಲ ರುಕ್ಮಿಣಿಯ ಪಕ್ಷದವರಾದ್ದರಿಂದ ಶಿಶುಪಾಲನಿಗೂ ಒಂದು ದೂರು ಇತ್ತೆಂಬುದನ್ನು ಮರೆಯುತ್ತೇವೆ. ಅವನು ಮರೆಯಲಿಲ್ಲ. ಎಷ್ಟೋ ಕಾಲದ ನಂತರ ರಾಜಸೂಯದ ಸಭೆಯಲ್ಲಿ ಅಗ್ರಪೂಜೆಯ ಜಗಳ ತೆಗೆದಾಗ, ಮೊದಲು ತನಗೆಂದಿದ್ದ ರುಕ್ಮಿಣಿಯ ವಿಷಯವನ್ನೂ ಅವನು ಎತ್ತಿ ಆಡುತ್ತಾನೆ. ಮುರಿದ ಸಂಬಂಧದ ದಾವೆ ಯಾವ ನ್ಯಾಯಸ್ಥಾನಕ್ಕೂ ಹೋಗದೆ, ಬೇರೊಂದು ವಿಷಯದ ವೇಷ ತೊಟ್ಟು ಇನ್ನೊಬ್ಬರ ಯಜ್ಞದಲ್ಲಿ ಹೊರಬಿತ್ತು. ರಾಜಕೀಯದಲ್ಲಿ ನಡೆಯುವುದೇ ಹೀಗೆ. ಆದ್ದರಿಂದ ತೀರ್ಪಿನ ಅಧ್ಯಾಯವನ್ನು ಮುಂದೂಡಿ. ಸುಂಕದ ಜಗಳವೋ ಪಟ್ಟಾಭಿಷೇಕವೋ ಬಂದಾಗ ಹುಡುಗಿಯ ಕಡೆಯವರು ಎದ್ದು ನಿಲ್ಲಲಿ.

ಉಳಿಯದ ದಾರಿ (ಮಂಗಳೂರು)

ಪುರಾಣಕ್ಕೆ ಹೋಗುವ ಮೊದಲು ನೇತ್ರಾವತಿಯ ಎರಡು ದಂಡೆಗಳನ್ನು ನೋಡಬಹುದಿತ್ತು. ಹೊಳೆ, ಬಂದರು, ಮೆಣಸು ಎಲ್ಲವೂ ಅಲ್ಲಿಯೇ ಇವೆ. ಉಳ್ಳಾಲದ ಚೌಟ ಮನೆತನದ ರಾಣಿ ಮತ್ತು ಬಂಗ ಮನೆತನದ ಅರಸನ ನಡುವೆ ಮುರಿದದ್ದು ನಿಶ್ಚಯವಲ್ಲ, ಮದುವೆಯೇ. ಆದರೂ ಕಥೆಗಾರರಿಗೆ ಅಲ್ಲಿ ಬೇಕಾದಷ್ಟು ಸಾಮಗ್ರಿಯಿದೆ. 1623ರಲ್ಲಿ ಇಲ್ಲಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಬರೆದಿಟ್ಟಂತೆ, ಗಂಡಹೆಂಡಿರಿಬ್ಬರೂ ತಮ್ಮತಮ್ಮ ಸೀಮೆಯಲ್ಲೇ ಇದ್ದು ಆಳುತ್ತಿದ್ದರು. ಮನಸ್ತಾಪ ಬಂದಾಗ ರಾಣಿಯು ಅವನು ಕೊಟ್ಟಿದ್ದ ಆಭರಣಗಳನ್ನು ಹಿಂದಕ್ಕೆ ಕಳಿಸಿ ಸಂಬಂಧ ಕಡಿದುಕೊಂಡಳು. ಅವಮಾನಗೊಂಡ ಅರಸನು, ಆಕೆ ದೋಣಿಯಲ್ಲಿ ಹೊಳೆಯ ಮೇಲೆ ಹೋಗುತ್ತಿದ್ದಾಗ ಹಿಡಿಸಿದನು. ಬಿಡಿಸಿಕೊಂಡು ಬಂದ ರಾಣಿ ಘಟ್ಟದ ಮೇಲಿನ ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನ ನೆರವು ಕೇಳಿದಳು, ಅರಸನು ಪೋರ್ಚುಗೀಸರ ಮೊರೆಹೋದನು. ಗೆದ್ದವನು ವೆಂಕಟಪ್ಪ ನಾಯಕ. ನ್ಯಾಯ ಕೊಡಿಸಲು ಬಂದವನೇ ಕರಾವಳಿಯಲ್ಲಿ ಬಲಿತುಕೊಂಡದ್ದರಿಂದ, ಗಂಡಹೆಂಡಿರ ಜಗಳದಲ್ಲಿ ಲಾಭ ಯಾರಿಗಾಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ತಮ್ಮ ಮನೆತನಗಳು ತುಳುನಾಡಿನವಾದರೆ ಅಳಿಯಸಂತಾನವನ್ನು ಬಿಟ್ಟು ಸಂಚು ಹೆಣೆಯಬೇಡಿ. ಪಟ್ಟವು ಸೋದರಳಿಯನಿಗೆ ಹೋಗುವಲ್ಲಿ ಯುವರಾಜನೆಂದರೆ ಅರಸನ ಮಗನಲ್ಲ, ಅರಸನ ಅಕ್ಕನದೋ ತಂಗಿಯದೋ ಮಗ. ಅವನಿಗೆ ಹುಟ್ಟುವ ಮಕ್ಕಳು ಹೆಂಡತಿಯ ಮನೆಗೆ ಸೇರಿದವರು, ಹಾಗಾಗಿ ಈ ಮದುವೆಯಿಂದ ಎರಡು ರಾಜ್ಯಗಳು ಒಂದಾಗುವ ಮಾತೇ ಇಲ್ಲ. ಪಟ್ಟ ಹರಿದುಬರುವುದು ತಾಯಿಯ ಮೂಲಕವಾದ್ದರಿಂದ, ಸಂಬಂಧ ಮುರಿಯಲು ನಿಜವಾದ ಕಾರಣವಿರುವುದು ಯುವರಾಜನ ತಾಯಿಗೆ. ತಾವು ಮಂತ್ರಿಯ ತಲೆಗೆ ಕಟ್ಟಿದ ಕುತಂತ್ರವನ್ನು ಆಕೆಗೆ ಕೊಟ್ಟು ನೋಡಿ.

ಕಲ್ಸಂಕದ ಓದುಗಿ (ಉಡುಪಿ)

ತಾಯಿಯ ವಿಚಾರ ಹೊಳೆದಿರಲಿಲ್ಲ, ಮಂತ್ರಿಯನ್ನು ಇಂದೇ ಕೆಲಸದಿಂದ ತೆಗೆಯುತ್ತೇನೆ. ಆದರೆ ಮೂವರೂ ಹೇಳುತ್ತಿರುವುದು ಅರಸರ ಮೇಲೆ ನ್ಯಾಯಾಧೀಶನೇ ಇಲ್ಲವೆಂದು. ನಮ್ಮಲ್ಲಿ ಅರಸನೂ ಕೈಮುಗಿದು ನಿಲ್ಲುವ ದೈವವಿದೆಯಲ್ಲ? ದೈವವು ಪಾತ್ರಿಯ ಮೂಲಕ ನುಡಿಯುವ ನೇಮದ ದಿನ, ಊರಿನ ಹಿರಿಯ ಮನೆತನಗಳಾದ ಗುತ್ತು ಬೀಡಿನವರೆಲ್ಲ ಸೇರಿರುವಾಗ ಹುಡುಗಿಯು ದೈವದ ಮುಂದೆ ದೂರು ಇಟ್ಟರೆ ಹೇಗೆ?

ಉಳಿಯದ ದಾರಿ (ಮಂಗಳೂರು)

ಬಹಳ ಒಳ್ಳೆಯ ದೃಶ್ಯವಾಗುತ್ತದೆ. ದೈವವೇ ಬಂದು ಕಳ್ಳನನ್ನು ಹಿಡಿದುಕೊಟ್ಟಂತೆ ಮಾತ್ರ ಬರೆಯಬೇಡಿ, ಹಾಗೆ ಬರೆದರೆ ಹಿರಿಯ ಅರಸನ ತೀರ್ಪಿಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ನೇಮವನ್ನು ನಡೆಸಿಕೊಡುವುದು ಯುವರಾಜನ ಬೀಡಿನವರೇ, ಪಾತ್ರಿಗೆ ಎಣ್ಣೆ, ವೀಳ್ಯ ಕೊಡುವ ಎಣ್ಣೆ ಬೂಳ್ಯದಿಂದ ಹಿಡಿದು ಎಲ್ಲ ವ್ಯವಸ್ಥೆಯೂ ಆ ಮನೆಯದು, ದೈವವು ಮೊದಲು ಕರೆದು ಮಾತನಾಡಿಸುವುದೂ ಆ ಮನೆಯ ಹಿರಿಯನನ್ನೇ. ಹುಡುಗಿಯ ದೂರನ್ನು ಅಂಗಳದವರೆಗೆ ಬರಗೊಡದಂತೆ ಆ ತಾಯಿ ಏನೇನು ಮಾಡಿಯಾಳು ಎಂಬುದನ್ನು ಬರೆಯಿರಿ. ದೂರು ಅಷ್ಟನ್ನೂ ದಾಟಿ ಬಂದರೆ ದೈವದ ನುಡಿ ಚಿಕ್ಕದಾಗಿದ್ದರೂ ಸಾಕು: ಕೊಟ್ಟ ಮಾತು ಯಾರದು, ಯಾರ ಎದುರು ಕೊಟ್ಟದ್ದು ಎಂದಷ್ಟೇ ಕೇಳಲಿ. ಉತ್ತರ ಹೇಳಬೇಕಾದವರು ಅಲ್ಲಿಯೇ ಎದುರಿಗೆ ನಿಂತಿರುತ್ತಾರೆ.